ಅಜ್ಜಿಯ ದನಿಯಲ್ಲಿ ನಾನಾಡಿದ ಮಾತು

ನಿನ್ನ ಮದುವೆ ಮುರಿದದ್ದು ಸತ್ತ ಅಜ್ಜಿಯಲ್ಲ, ಸಾವಿತ್ರಿ. ನಾನು. ನಿನ್ನ ಅತ್ತಿಗೆ ಜಯಮ್ಮ.

ಅರವತ್ತರ ದಶಕದ ಕೊನೆಯಲ್ಲಿ ಹಾರನಹಳ್ಳಿಯ ನಿಮ್ಮ ಮನೆಗೆ ಸೊಸೆಯಾಗಿ ಬಂದಾಗ ನನ್ನೊಡನೆ ನಗುತ್ತ ಮಾತಾಡಿದವರು ನಿಮ್ಮಜ್ಜಿ ಒಬ್ಬರೇ. ಹೊಗೆಸೊಪ್ಪಿನ ಚೂರನ್ನು ದವಡೆಗಿಟ್ಟುಕೊಂಡು ನಿಮ್ಮವ್ವನ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದರು — ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ. ಅವರು ತೀರಿಕೊಂಡ ಮೇಲೂ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತ ಅವರ ಜೊತೆ ಮಾತಾಡುತ್ತಲೇ ಇದ್ದೆ. ಅವರ ಉತ್ತರವನ್ನೂ ಅವರದೇ ಗೊಗ್ಗರು ದನಿಯಲ್ಲಿ ನಾನೇ ಹೇಳಿಕೊಳ್ಳುತ್ತಿದ್ದೆ. ಅದರಿಂದ ಯಾರಿಗೂ ಕೇಡಿರಲಿಲ್ಲ.

ಆಮೇಲೆ ನನ್ನ ತಮ್ಮ ಹುಣಸೂರಿನಿಂದ ನನ್ನನ್ನು ನೋಡಲು ಬಂದ. ಅವನ ಚೀಲಕ್ಕೆ ನಾನು ಕದ್ದು ಒಂದಿಷ್ಟು ಅವರೆಕಾಳು ಹಾಕಿದ್ದನ್ನು ನೀನು ನೋಡಿದೆ, ಹೋಗಿ ಹೇಳಿದೆ. ನಿಮ್ಮವ್ವ ಬೀದಿಯವರೆಲ್ಲರ ಮುಂದೆ ಆ ಚೀಲವನ್ನು ಜಗಲಿಯ ಮೇಲೆ ಕೊಡವಿದರು. ನನ್ನ ತಮ್ಮ ಬಗ್ಗಿ ಕಾಳನ್ನೆಲ್ಲ ಆರಿಸಿ ಮೊರಕ್ಕೆ ಹಾಕಿ ಹೋದವನು ಮತ್ತೆಂದೂ ಆ ಊರಿಗೆ ಬರಲಿಲ್ಲ. ನೀನು ಬಾಗಿಲಲ್ಲಿ ನಿಂತಿದ್ದೆ. ನಕ್ಕೆಯೋ ಇಲ್ಲವೋ — ನನಗಂತೂ ನಕ್ಕಂತೆ ಕಂಡಿತು.

ಅಮಾವಾಸ್ಯೆಯ ಮಧ್ಯಾಹ್ನ ನಾನು, ಅಜ್ಜಿ ಮೈಮೇಲೆ ಬಂದವಳಂತೆ, ಒಲೆಯ ಮುಂದೆ ಕೂದಲು ಬಿಚ್ಚಿ ತೂಗಾಡಿದೆ. "ಸಾಯೋವಾಗ ಕೋಳಿಸಾರು ಕೇಳುದ್ರೆ ಸಪ್ಪೆಗಂಜಿ ಉಯ್ದಲ್ಲೇ! ಈಗ ಮಾಡಿಕ್ಕು!" ನಿಮ್ಮವ್ವ "ತಪ್ಪಾಯ್ತು ಅತ್ಯಮ್ಮಾ" ಎಂದು ಗಲ್ಲ ಬಡಿದುಕೊಂಡು ಮೊಟ್ಟೆಯಿಡುವ ಹೇಟೆಯನ್ನೇ ಕೊಯ್ಯಿಸಿದರು. ನಾನು ಮುದ್ದೆ ನುಂಗಿ, "ಉಪ್ಪು ಕಮ್ಮಿ ಕಣೇ" ಎಂದೆ. ಓಡಿಹೋಗಿ ಉಪ್ಪು ತಂದರು. ಅಂಥ ರುಚಿಯ ಸಾರನ್ನು ನಾನು ಮತ್ತೆಂದೂ ಉಂಡಿಲ್ಲ. ಅಷ್ಟಕ್ಕೇ ನಿಲ್ಲಿಸಬಹುದಿತ್ತು —

ಆದರೆ ನಿನಗೆ ಹೊಸ ಅಗ್ರಹಾರದ ಸಂಬಂಧ ಬಂತು. ನಾಲೆ ನೀರಿನ ಗದ್ದೆಯವರು. ಸೈಕಲ್ಲಿನಲ್ಲಿ ಬಂದ ಆ ಹುಡುಗನನ್ನು ನೋಡಿದಾಗಿನಿಂದ ನೀನು ನೀರು ಸೇದುವಾಗಲೂ ಗುನುಗುತ್ತಿದ್ದೆ. ಕೇಳಿದಾಗೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು. ನನ್ನ ತಮ್ಮ ತಲೆ ತಗ್ಗಿಸಿ ಹೋದ ಮನೆಯಲ್ಲಿ ಇವಳಿಗೆ ಹಾಡೇ?

ವೀಳ್ಯಶಾಸ್ತ್ರಕ್ಕೆ ಹೊರಟ ನಿಮ್ಮಪ್ಪನಿಗೆ ಅಡ್ಡ ನಿಂತು, ಅಜ್ಜಿಯ ದನಿಯಲ್ಲಿ ಹೇಳಿದೆ:

"ಆ ಗಂಡು ಬ್ಯಾಡ ಕಣ್ಲಾ ಮಗಾ. ಕೊಟ್ರೆ ಇವಳ ತಾಳಿ ನಿಲ್ಲಾಕಿಲ್ಲ."

"ಆಯ್ತು ಬುಡವ್ವಾ," ಎಂದು ಅವರು ಅಲ್ಲೇ ಕುಸಿದು ಕುಳಿತರು. ನೀನು ಹಿತ್ತಲಿಗೆ ಓಡಿದೆ. ನೀನು ಬಿಕ್ಕುವುದು ಕೇಳುತ್ತಿತ್ತು. ನನಗೆ — ಸುಳ್ಳೇಕೆ ಹೇಳಲಿ — ಹಿತವಾಯಿತು.

ಮದುವೆಗೆ ದೆವ್ವ ಅಡ್ಡ ಬಂದ ಹುಡುಗಿಯೆಂದು ಮಾತು ಹಬ್ಬಿ, ಮತ್ತೆ ಗಂಡು ಬರಲಿಲ್ಲ. ಕಡೆಗೆ ನಿನ್ನನ್ನು ಹಂಪಾಪುರದಲ್ಲಿ, ಬೆಳೆದ ಮಕ್ಕಳಿದ್ದ ವಿಧುರನಿಗೆ ಕೊಟ್ಟರು. ಅಷ್ಟರಲ್ಲಿ ನಾನೂ ಅಜ್ಜಿಯನ್ನು ಕಳೆದುಕೊಂಡಿದ್ದೆ. ಕೊಟ್ಟಿಗೆಯಲ್ಲಿ ಎಷ್ಟು ಕರೆದರೂ ಆ ದನಿ ನನ್ನ ಬಾಯಿಗೆ ಬರುತ್ತಿರಲಿಲ್ಲ. ಇದ್ದ ಒಬ್ಬಳೇ ಗೆಳತಿಯನ್ನು ಸುಳ್ಳುಗಾತಿ ಮಾಡಿದ್ದೆ.

ಗಂಡನ ಮನೆಗೆ ಹೊರಟಾಗ ನೀನು ನನ್ನ ಕೈ ಹಿಡಿದುಕೊಂಡೆ. "ಅತ್ಗೆ, ಅಜ್ಜಿ ಇನ್ನೊಂದ್ಸಲ ನಿಮ್ಮ ಮೇಲೆ ಬಂದ್ರೆ ಕೇಳ್ರೀ... ನಾನೇನ್ ತಪ್ಪು ಮಾಡಿದ್ದೆ ಅಂತ."

"ಕೇಳ್ತೀನಿ ಬುಡು," ಎಂದೆ.

ನೀನು ಯಾವ ತಪ್ಪನ್ನೂ ಮಾಡಿರಲಿಲ್ಲ, ಸಾವಿತ್ರಿ. ಕಂಡದ್ದನ್ನು ಹೇಳಿದ್ದೆ, ಅಷ್ಟೆ. ಈ ಸೋಮವಾರ ಹಂಪಾಪುರಕ್ಕೆ ಬರುತ್ತೇನೆ. ನನ್ನನ್ನು ಒಳಗೆ ಕರೆಯಬೇಡ. ಬೀದಿಯಲ್ಲೇ ನಿಂತು, ನಿನ್ನ ಮನೆಯವರೆಲ್ಲರೂ ಕೇಳುವಂತೆ ಹೇಳುತ್ತೇನೆ.