ಮೈಕಿನಲ್ಲಿ ಕರೆದರೆ ಬಾರದ ಊರು

ನಾನು ಓದು ಬಿಟ್ಟದ್ದು ೧೯೭೬ರಲ್ಲಿ, ಎಂಟನೇ ತರಗತಿಯ ನಡುವೆ. ಫೇಲಾಗಿ ಬಿಟ್ಟವನಲ್ಲ. ಮದ್ದೂರಿನಲ್ಲಿ ಸೋದರಮಾವನ ಮೈಕ್‌ಸೆಟ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ಬರೆಯುವುದು ಓದಿದ ಹೆಂಗಸರ ಕೆಲಸದ ವಿಷಯ, ಬರೆಯುತ್ತಿರುವವನು ಆಂಪ್ಲಿಫೈಯರ್ ರಿಪೇರಿ ಮಾಡುವವನು. ನಮ್ಮ ಮಂಡ್ಯದ ಕಡೆಯವರು ಸಿಕ್ಕಾಗಲೆಲ್ಲ, "ಆ ಬಿಸಿಲಲ್ಲಿ ಅದೇನು ಮಾಡ್ಕೊಂಡಿದ್ದೀಯಪ್ಪ ಇಷ್ಟು ವರ್ಷ?" ಎಂದು ಕೇಳುತ್ತಾರೆ. ಅವರಿಗೆ ಇದು ಉತ್ತರ.

ಕೃಷ್ಣೆಯ ಕಾಲುವೆ ಕೆಲಸ ಭರದಿಂದ ನಡೆಯುತ್ತಿದ್ದ ಕಾಲದಲ್ಲಿ, ಒಬ್ಬ ಗುತ್ತಿಗೆದಾರರ ಜೀಪು ಓಡಿಸಲು ಶಹಾಪುರಕ್ಕೆ ಬಂದಿಳಿದೆ. ಬಸ್ ನಿಲ್ದಾಣದ ಎದುರು ಹೋಟೆಲಿಗೆ ಹೋದೆ. ಯಜಮಾನ ನನ್ನನ್ನು ತಲೆಯಿಂದ ಕಾಲವರೆಗೆ ನೋಡಿ, "ಎಲ್ಲಿಂದ ಬಂದಿ? ಯಾಕ ಬಂದಿ? ಕೂಡ್ರು!" ಎಂದ. ಜಗಳಕ್ಕೇ ಬಂದನೆಂದು ನಾನು ಚೀಲ ಎತ್ತಿಕೊಂಡೆ. ಅಷ್ಟರಲ್ಲಿ ನನ್ನ ಮುಂದೆ ಒಂದು ತಟ್ಟೆ ಸುಸಲಾ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಎರಡು ಮಿರ್ಚಿ ಭಜಿ ಬಂದು ಬಿದ್ದವು. "ಮಾರಿ ಸಣ್ಣಗಾಗ್ಯದ, ಮೊದಲ ತಿನ್ನು. ಆಮ್ಯಾಲ ಹೇಳು." ಮಾರಿ ಎಂದರೆ ಇಲ್ಲಿ ಮುಖ. ನಮ್ಮಲ್ಲಿ "ಚೆನ್ನಾಗಿದ್ದೀರಾ" ಎಂದು ನಕ್ಕು ಮಾತಾಡಿಸಿ, ಊಟವಾಯಿತೇ ಎಂದು ಕೇಳದೆ ಕಳಿಸುವವರನ್ನು ಬೇಕಾದಷ್ಟು ಕಂಡಿದ್ದೇನೆ. ಇಲ್ಲಿ ಬೈದಂತೆ ಮಾತಾಡಿ ತಿನ್ನಿಸುತ್ತಾರೆ. ಇದು ಬೈಗುಳವಲ್ಲ ಎಂದು ಕಿವಿಗೆ ತಿಳಿಯಲು ನನಗೆ ಒಂದು ಬೇಸಿಗೆ ಪೂರ್ತಿ ಹಿಡಿಯಿತು.

ಮನೆ ಹುಡುಕುವಾಗಲೂ ಹೀಗೇ. ಕೆಲಸ ಸುರಪುರದ ಕಡೆಗೆ ಬಿದ್ದಿತ್ತು; ಅದಕ್ಕೆ ಅಂಟಿಕೊಂಡ ರಂಗಂಪೇಟೆಯಲ್ಲಿ ಒಂದು ಕೋಣೆ ಕೇಳಿದಾಗ ಮನೆಯೊಡತಿ ಬಾಗಿಲಲ್ಲೇ, "ಯಾವ ಮಂದಿ ನೀವು?" ಎಂದಳು. ಯಾವ ಜಾತಿ ಎಂದು ಅದರ ಅರ್ಥ. ನಮ್ಮೂರಿನಲ್ಲೂ ಇದನ್ನೇ ಕೇಳುತ್ತಾರೆ, ಆದರೆ ಅಜ್ಜನ ಹೆಸರು, ಕುಲದೇವರು, ಹೆಂಡತಿಯ ತವರು ಎಂದು ಸುತ್ತಿ ಬಳಸಿ ಬರುತ್ತಾರೆ. ಕೋಣೆ ಸಿಕ್ಕಿತು. ರೊಟ್ಟಿ ಮಾತ್ರ ಬೇಗ ಒಗ್ಗಲಿಲ್ಲ. ಮುದ್ದೆಯನ್ನು ನುಂಗಿ ಬೆಳೆದ ಗಂಟಲು ನನ್ನದು. ಜೋಳದ ರೊಟ್ಟಿಯನ್ನು ಅಗಿದೇ ತಿನ್ನಬೇಕು. ದವಡೆ ನೋಯುತ್ತಿತ್ತು. ಪುಂಡಿ ಸೊಪ್ಪಿನ ಪಲ್ಯದ ಹುಳಿ ನಾಲಿಗೆಗೆ ಹಿಡಿಸಿದ ದಿನ, ಇನ್ನು ಇಲ್ಲಿ ಬದುಕಬಹುದು ಅನ್ನಿಸಿತು. ಸಂಜೆ ಹೊತ್ತು ಮಾತ್ರ ಕಷ್ಟ. ರೇಡಿಯೊದಲ್ಲಿ ಮೈಸೂರು ಸ್ಟೇಷನ್ ಹುಡುಕುತ್ತಿದ್ದೆ, ಬರೀ ಗೊರಗೊರ.

ನೀರಿನ ವಿಷಯ ಬೇರೆಯೇ. ನಮ್ಮಲ್ಲಿ ನಾಲೆ ತಾತಂದಿರ ಕಾಲದ್ದು, ಯಾರೂ ಅದನ್ನು ತಿರುಗಿ ನೋಡುವುದಿಲ್ಲ. ಇಲ್ಲಿ ಕಪ್ಪು ನೆಲದ ನಡುವೆ ಕಾಲುವೆಗೆ ಹೊಸದಾಗಿ ನೀರು ಬಂದಾಗ ಜನ ಏರಿಯ ಮೇಲೆ ಸುಮ್ಮನೆ ನಿಂತು ನೋಡುತ್ತಿದ್ದರು. ಆ ನೀರಿನ ಸೆಳವು ಅವರಿಗೆ ಗೊತ್ತಿರಲಿಲ್ಲ. ಖಾಲಿ ಕಾಲುವೆಯ ತಗ್ಗಿನಲ್ಲಿ ನಿಂತ ನೀರಿಗೆ ಹೆಂಗಸರು ಬಟ್ಟೆ ಒಗೆಯಲು ಇಳಿದಿರುತ್ತಿದ್ದರು, ಮೇಲಿನಿಂದ ನೀರು ಬಿಟ್ಟರೆ ಹತ್ತಿ ಬರಲು ಹೊತ್ತೇ ಇರುತ್ತಿರಲಿಲ್ಲ. ಕೆಂಭಾವಿ ಕಡೆ ಒಬ್ಬ ಹುಡುಗಿ ಹಾಗೆ ಹೋದಳು. ಆಮೇಲೆ, ನೀರು ಬಿಡುವ ಸುದ್ದಿಯನ್ನು ಮುಂಚೆಯೇ ಊರೂರಿಗೆ ತಲುಪಿಸಲು, ಗುತ್ತಿಗೆದಾರರನ್ನು ಬಿಟ್ಟು ನಾನು ಸೇರಿಕೊಂಡಿದ್ದ ಕಾಲುವೆ ಕಚೇರಿಯಲ್ಲಿ ಸಾರ್ವಜನಿಕ ಸಂಪರ್ಕದ ಒಂದು ಸಣ್ಣ ವಿಭಾಗ ಮಾಡಿದರು. ನನಗೆ ಜೀಪಿನ ಜೊತೆ ಮೈಕನ್ನೂ ಕೊಟ್ಟರು. ಸಂಪರ್ಕ ಸಹಾಯಕಿಯಾಗಿ ಬಂದವರು ಕಸ್ತೂರಿಬಾಯಿ.

ಕಸ್ತೂರಿಬಾಯಿ ರಂಗಂಪೇಟೆಯ ಮಾಸ್ತರರ ಮಗಳು, ಬಿ.ಎ. ಓದಿದವರು, ಅದೇ ಕಚೇರಿಯಲ್ಲಿ ಟೈಪಿಂಗ್ ಮಾಡಿಕೊಂಡಿದ್ದರು. ಈ ಕೆಲಸವನ್ನು ಕೇಳಿ ಪಡೆದಿದ್ದರು. ಕಚೇರಿಯ ಮೇಲಧಿಕಾರಿ ಸಾಹೇಬರಿಗೆ ಮನಸ್ಸಿರಲಿಲ್ಲ. "ಜೀಪಿನ್ಯಾಗ ಊರೂರ ತಿರಗೂದು ಹೆಣ್ಮಕ್ಕಳ ಕೆಲಸ ಅಲ್ಲ ನೋಡವ್ವ. ಮಾಡಿ ತೋರಸು. ಹೆಣ್ಮಕ್ಕಳು ಸಭಾಕ್ಕ ಬರಲಿಲ್ಲಂದ್ರ ನಿನ್ನ ಕುರ್ಚಿ ಟೈಪ್ ಮಷೀನಿನ ಮುಂದ ಹಂಗೇ ಅದ," ಎಂದು ನನ್ನೆದುರಿಗೇ ಹೇಳಿದರು.

ಮೊದಲ ಸಭೆ ದೇವಾಪುರದಲ್ಲಿ. ನಾನು ಹಿಂದಿನ ದಿನವೇ ಓಣಿ ಓಣಿ ಸುತ್ತಿ ಕೂಗಿದೆ: "ಊರಿನ ಎಲ್ಲಾ ಮಹಿಳೆಯರು ತಪ್ಪದೆ ಹಾಜರಾಗಬೇಕು." ನನ್ನ ಮೈಕು ಕೀಚುವುದಿಲ್ಲ, ಮಾತು ಒಡೆಯುವುದಿಲ್ಲ. ಮಂಡ್ಯದಲ್ಲಿ ಇದೇ ದನಿಗೆ ಮೂರು ಊರಿನ ಜನ ಸೇರುತ್ತಿದ್ದರು. ಮರುದಿನ ಗಂಡಸರು ಬಂದರು, ಕಟ್ಟೆ ತುಂಬಿತು. ಹೆಂಗಸರು ಒಬ್ಬರೂ ಇಲ್ಲ. ಹಾಸಿದ ಜಮಖಾನೆ ಹಾಸಿದಂತೆಯೇ ಇತ್ತು. ಕಸ್ತೂರಿಬಾಯಿ ಗಂಡಸರಿಗೇ ನೀರು ಬಿಡುವ ದಿನ ಹೇಳಿದರು. ಅವರು ತಲೆಯಾಡಿಸಿ ಎದ್ದು ಹೋದರು. ಬಟ್ಟೆ ಒಗೆಯುವವರು ಅವರಲ್ಲ. ಕೇಳಿದ್ದನ್ನು ಮನೆಗೆ ಹೋಗಿ ಹೇಳುವವರೂ ಅಲ್ಲ.

ಹೊರಡುವಾಗ ಜೀಪಿನ ಪಕ್ಕದ ಮನೆಯ ಜಗುಲಿಯಲ್ಲಿ ಸಾಬವ್ವ ಎಂಬ ಮುದುಕಿ ಕೂತಿದ್ದಳು. ಕಸ್ತೂರಿಬಾಯಿ ಕೇಳಿದರು, "ಯಾಕ ಯವ್ವಾ, ಇಲ್ಲೇ ಕುಂತಿ, ಸಭಾಕ್ಕ ಬರಲಿಲ್ಲ?"

"ಯಾರು ಕರದ್ರು ನನ್ನ?"

ನಾನು ಸುಮ್ಮನಿರಲಿಲ್ಲ. "ಮೂರು ಸಲ ಕೂಗಿದ್ದೀನಿ ತಾಯಿ, ನಿಮ್ಮನೆ ಮುಂದೇನೇ."

"ಒದರಿದಿ ಖರೆ ಅದ. ಕರದಿ ಏನು?" ಎಂದಳು ಸಾಬವ್ವ. "ನಮ್ಮ ಅತ್ತಿ ಕಾಲದಾಗ ಹಿಂಗೇ ಹಲಗಿ ಬಾರಿಸ್ಕೋತ ಬಂದು ಹಾಜರ್ ಆಗ್ರಿ ಅಂತಿದ್ರು. ಕಂದಾಯ ಕಟ್ಟಿಲ್ಲಂತ ಮನ್ಯಾಗಿನ ಬೋಗಾಣಿ ಜಪ್ತಿ ಮಾಡಾಕ. ಬಾಗಿಲಾ ಹಾಕ್ಕೊಂಡು ಕುಂಡ್ರತಿದ್ವಿ. ಹೊಸ್ತಿಲಕ ಬಂದು ಕರದ್ರ ಹೆಣ್ಮಕ್ಕಳು ಬರ್ತಾರ. ಗಾಡಿ ಮ್ಯಾಲ ಕುಂತು ಒದರಿದ್ರ ಯಾರ್ ಬರ್ತಾರೋ ಮೈಸೂರಪ್ಪಾ?"

ಇಲ್ಲಿಯವರಿಗೆ ದಕ್ಷಿಣದಿಂದ ಬಂದವರೆಲ್ಲ ಮೈಸೂರಿನವರೇ. ಮೈಕಿನ ವಿಷಯದಲ್ಲಿ ಅದುವರೆಗೆ ನನಗೆ ಯಾರೂ ಬುದ್ಧಿ ಹೇಳಿದವರಿರಲಿಲ್ಲ. ಹಿಂದಿರುಗುವಾಗ, ಸುರಪುರದ ಗುಡ್ಡ ಕಾಣುವ ಹೊತ್ತಿಗೆ ಕಸ್ತೂರಿಬಾಯಿ, "ಅಣ್ಣಾರ, ಆಕಿ ಹೇಳಿದ್ದು ಬರೊಬ್ಬರಿ ಅದ. ನಮ್ಮ ಮನ್ಯಾಗ ನಮ್ಮವ್ವನೂ ಕುಂಕುಮ ಹಚ್ಚಿ ಕರೀದ ಎಲ್ಲಿಗೂ ಹೋಗಂಗಿಲ್ಲ. ಆಫೀಸಿಗಿ ಬಂದು ನಾನs ಮರತೆ," ಎಂದರು.

ಸಾಹೇಬರು ದೇವಾಪುರದಲ್ಲೇ ಇನ್ನೊಂದು ಸಭೆಗೆ ಒಪ್ಪಿದರು, ಅದೇ ಕೊನೆಯದೆಂದರು. ಆದರೆ ಅಷ್ಟು ದೊಡ್ಡ ಊರಿನ ಮನೆ ಮನೆಗೆ ಒಬ್ಬರೇ ಹೋಗುವುದು ಹೇಗೆ? ಕಸ್ತೂರಿಬಾಯಿ ತಮ್ಮಂತೆಯೇ ಊರೂರಿಗೆ ಹೋಗಿ ಜನರನ್ನು ಮಾತಾಡಿಸುವ ಕೆಲಸದಲ್ಲಿದ್ದ ಇಬ್ಬರನ್ನು ಹುಡುಕಿದರು. ಒಬ್ಬರು ರಜಿಯಾ, ಶಹಾಪುರದವರು, ಸಣ್ಣ ಉಳಿತಾಯದ ಖಾತೆ ತೆರೆಸುವವರು. ಇನ್ನೊಬ್ಬರು ನಿರ್ಮಲಾ, ಯಾದಗಿರಿಯ ಒಂದು ಆಸ್ಪತ್ರೆಯಿಂದ ಬಾಣಂತಿ ಆರೈಕೆಯ ಪ್ರಚಾರಕ್ಕೆ ಬರುತ್ತಿದ್ದವರು, ಬೌದ್ಧರಾದ ದಲಿತರ ಮನೆಯವರು. ಮೂವರೂ ಒಂದೇ ಬಸ್ಸಿನಲ್ಲಿ ಎಷ್ಟೋ ಸಲ ಪಕ್ಕಪಕ್ಕ ಕೂತವರೇ. ಒಬ್ಬರ ಕೆಲಸ ಒಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೆ.

ಕೆಂಭಾವಿ ಸಂತೆಯ ದಿನ ರಜಿಯಾರ ಅಕ್ಕನ ಮನೆಯ ಪಡಸಾಲೆಯಲ್ಲಿ ಸೇರಿದರು. ನಾನು ಬಾಗಿಲಲ್ಲಿ ಚಹಾ ಹಿಡಿದು ಕೂತಿದ್ದೆ. ಅವರ ಮಾತು ಹೀಗಿತ್ತು.

"ಮುತ್ತೈದಿಯರ ಮನಿ ನನ್ನ ಕಡಿ ಇರಲಿ, ಕುಂಕುಮ ಒಯ್ತೀನಿ," ಎಂದರು ಕಸ್ತೂರಿಬಾಯಿ.

"ಗಂಡ ಸತ್ತವರ ಮನಿಗಿ ಅದನ್ನ ಹಿಡಕೊಂಡು ಹ್ಯಾಂಗ ಹೋಗ್ತಿ ಅಕ್ಕಾ? ನೀ ಹೇಳಿದ ಸಾಬವ್ವನೂ ಗಂಡ ಇಲ್ಲದಾಕಿ, ಆಕಿ ಹೊರಗs ಉಳೀತಾಳಲ್ಲ," ಎಂದರು ರಜಿಯಾ. "ಆ ಮನಿ ನನಗ ಬಿಡು, ನಮ್ಮ ಮಂದಿ ಮನಿನೂ ನನಗs ಬಿಡು. ಸಕ್ರಿ ಒಯ್ತೀನಿ. ಸಕ್ರಿಗಿ ಯಾರೂ ಒಲ್ಲೆ ಅನ್ನಂಗಿಲ್ಲ."

ನಿರ್ಮಲಾ ನಕ್ಕರು. "ಅಲ್ಲಿ ನಮ್ಮ ಮಂದಿ ಓಣಿಗಿ ಕುಂಕುಮನೂ ಬ್ಯಾಡ, ಸಕ್ರಿನೂ ಬ್ಯಾಡ. ಒಳಗ ಬಂದು ಕುಂತು ನೀರು ಕುಡೀರಿ. ಅದೇ ಕರದಂಗ. ಆದ್ರ ನಾ ಒಬ್ಬಾಕಿ ಹೋದ್ರ ಆಗಂಗಿಲ್ಲ. ಕಸ್ತೂರಿಅಕ್ಕಾರೇ ಬರಬೇಕು."

ಕಸ್ತೂರಿಬಾಯಿ ಚಹಾದ ಲೋಟ ಕೆಳಗಿಟ್ಟರು. ಆಮೇಲೆ, "ಬರ್ತೀನಿ. ಯಾವಾಗ ಹೋಗೂದು?" ಎಂದರು.

ಗೊತ್ತು ಮಾಡಿದ ದಿನ ಜೀಪು ಆ ಓಣಿಯ ಬಾಯಲ್ಲಿ ನಿಂತಿತು. ಮೂವರೂ ಒಳಗೆ ಹೋದರು. ತೆರೆದ ಬಾಗಿಲಿನಿಂದ ನನಗೆ ಕಾಣುತ್ತಿತ್ತು: ಕಸ್ತೂರಿಬಾಯಿ ಚಾಪೆಯ ಮೇಲೆ ಕೂತು, ತಂಬಿಗೆಯನ್ನು ಎತ್ತಿ ಹೊಯ್ದುಕೊಳ್ಳದೆ, ಲೋಟವನ್ನು ತುಟಿಗೆ ಹಚ್ಚಿ ಕುಡಿದರು. ಪಕ್ಕದ ಮನೆಯ ಹೆಂಗಸರು ಕಿಟಕಿಯಿಂದ ಅದನ್ನೇ ನೋಡುತ್ತಿದ್ದರು. ನಿರ್ಮಲಾ ಇನ್ನೊಂದು ಲೋಟ ಹಿಡಿದು ಜೀಪಿನ ಬಳಿ ಬಂದರು.

"ಏನ್ರಿ ಮೈಸೂರಣ್ಣಾರ, ಗಾಡಿಗಿ ನೀರ ಹಾಕೀರಿ, ನಿಮಗ ಬಾಯಾರಿಲ್ಲೇನ್ರಿ?"

ನಮ್ಮೂರಿನಲ್ಲಿ ಅಂಥ ಬೀದಿಯ ನೀರನ್ನು ನಮ್ಮ ಮನೆಯವರು ಯಾರೂ ಕುಡಿದವರಲ್ಲ. ಕುಡಿಯುತ್ತೀಯಾ ಎಂದು ನನ್ನನ್ನು ಯಾರೂ ಕೇಳಿದ್ದೂ ಇಲ್ಲ. ಇಲ್ಲಿ ಕೇಳಿದರು, ಕುಡಿದೆ. ತಣ್ಣಗಿತ್ತು. ಹೇಳಲು ಅದಕ್ಕಿಂತ ಹೆಚ್ಚೇನಿಲ್ಲ.

ಎರಡನೆಯ ಸಭೆಗೆ ನಾನು ಕೂಗಲಿಲ್ಲ. ಸಾಹೇಬರು ಬಂದು ಜೀಪಿನ ಮೇಲಿನ ಹಾರ್ನು ನೋಡಿ, "ಪ್ರಚಾರ ಮಾಡಿಲ್ಲೇನೋ?" ಎಂದು ಸಿಡುಕಿದರು. ಅಷ್ಟರಲ್ಲಿ ಮೊದಲು ಬಂದವಳು ಸಾಬವ್ವ. ಹಿಂದೆ ಅವಳ ಓಣಿಯವರು. ಆಮೇಲೆ ಆ ಕಡೆಯಿಂದ ನಿರ್ಮಲಾ ಕರೆದವರು, ರಜಿಯಾ ಕರೆದವರು, ಮಕ್ಕಳನ್ನು ಕಂಕುಳಲ್ಲಿ ಹೊತ್ತವರು. ಜಮಖಾನೆ ಸಾಲಲಿಲ್ಲ. ಗಂಡಸರು ಎದ್ದು ಗೋಡೆಗೆ ಒರಗಿ ನಿಂತರು.

ಕಸ್ತೂರಿಬಾಯಿ ನೀರು ಬಿಡುವ ದಿನ ಹೇಳಿದರು, ಸೆಳವಿನ ವಿಷಯ ಹೇಳಿದರು, ಕೆಂಭಾವಿ ಕಡೆಯ ಹುಡುಗಿಯ ವಿಷಯವನ್ನೂ ಹೇಳಿದರು. ಎಲ್ಲ ಮುಗಿಯಿತು ಅನ್ನುವಾಗ ಸಾಬವ್ವ ಎದ್ದಳು. "ಹೇಳಿದ್ದು ಬೇಸ್ ಆತು. ಇಳೀಬ್ಯಾಡ್ರಿ ಅಂತೀರಿ. ಮತ್ತ ಅರಬಿ ಎಲ್ಲಿ ಒಗೀಬೇಕು? ಪಾವಟಿಗಿ ಕಟ್ಟಸ್ತೀರೋ ಇಲ್ಲೋ?" ಪಾವಟಿಗೆ ಎಂದರೆ ಮೆಟ್ಟಿಲು. ಹೆಂಗಸರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಸಾಹೇಬರು ಕಸ್ತೂರಿಬಾಯಿಯ ಕಿವಿಯಲ್ಲಿ, "ಕಟ್ಟಸ್ತೀವಿ ಅಂತ ಹೇಳಿ ಮುಗಸು," ಎಂದರು. ಮೈಕು ಹಿಡಿದು ಪಕ್ಕದಲ್ಲೇ ನಿಂತಿದ್ದೆ, ನನಗೆ ಕೇಳಿಸಿತು.

ಕಸ್ತೂರಿಬಾಯಿ ಮೈಕು ಇಸಿದುಕೊಂಡು ಹೇಳಿದ್ದು ಇಷ್ಟು: "ಯವ್ವಾ, ಕಟ್ಟಸ್ತೀವಿ ಅಂತ ನಾ ಈಗ ಹೇಳಿದ್ರ ಸುಳ್ಳಾಗ್ತದ. ಕೇಳಿ ಬರ್ತೀನಿ. ಆಗ್ತದ ಅಂದ್ರೂ, ಆಗಂಗಿಲ್ಲ ಅಂದ್ರೂ, ನಿಮ್ಮ ಹೊಸ್ತಿಲಕ ಬಂದು ಹೇಳ್ತೀನಿ."

ಸಾಹೇಬರ ಮುಖ ಕೆಂಪಾಯಿತು. ಸಾಬವ್ವ ಮಾತ್ರ ಕೂತಳು. "ಆತು, ಬಾ. ನಾ ಎಲ್ಲಿಗೂ ಹೋಗಂಗಿಲ್ಲ."

ಮುಂದಿನ ಸಂತೆಯ ಹೊತ್ತಿಗೆ ಕಸ್ತೂರಿಬಾಯಿ ಹೋಗಿ, "ಇನ್ನೂ ಆಗಿಲ್ಲ" ಎಂದೇ ಹೇಳಿ ಬಂದರು. ಅದರ ಮುಂದಿನದಕ್ಕೂ ಹಾಗೇ. ಮೆಟ್ಟಿಲು ಆದದ್ದು ಮರುವರ್ಷ. ಆದರೆ ಆ ಊರಿನವರು ನೀರು ಬಿಡುವ ದಿನ ಕಾಲುವೆಗೆ ಇಳಿಯುವುದನ್ನು ಆಗಲೇ ಬಿಟ್ಟಿದ್ದರು. ಸಾಹೇಬರು ಹೊಗಳಲಿಲ್ಲ. ಒಂದು ದಿನ ಕಚೇರಿಯಲ್ಲಿ, "ಟೈಪಿಂಗಿಗಿ ಬ್ಯಾರೆ ಯಾರ್ನಾದ್ರೂ ನೋಡ್ರಿ," ಎಂದು ಗುಮಾಸ್ತರಿಗೆ ಹೇಳಿದರು. ಕಸ್ತೂರಿಬಾಯಿಗೆ ತಮ್ಮ ಕೆಲಸ ಉಳಿಯಿತೆಂದು ಗೊತ್ತಾದದ್ದು ಹಾಗೆ.

ಆ ಪಡಸಾಲೆಯ ಕೂಟ ನಿಲ್ಲಲಿಲ್ಲ. ಪ್ರತಿ ತಿಂಗಳೂ ಒಂದು ಸಂತೆಯ ದಿನ ಸೇರುತ್ತಾರೆ. ಪತ್ರಿಕೆಗೆ ಕೊಡುವ ಸುದ್ದಿಯನ್ನು ನಾಲ್ಕು ಸಾಲಿನಲ್ಲಿ ಬರೆಯುವುದನ್ನು ಕಸ್ತೂರಿಬಾಯಿ ಕಲಿಸಿದರು. ಸಿಟ್ಟಾದವರ ಮುಂದೆ ದನಿ ಇಳಿಸಿ ಮಾತಾಡುವುದನ್ನು ರಜಿಯಾ, ಗೊತ್ತಿಲ್ಲದ ಊರಿನಲ್ಲಿ ಮೊದಲು ಯಾರ ಮನೆಗೆ ಹೋಗಬೇಕೆಂಬುದನ್ನು ನಿರ್ಮಲಾ. ಎಲ್ಲಿ ಹೊಸ ಕೆಲಸ ಖಾಲಿಯಿದೆ ಎಂಬ ಸುದ್ದಿ ಅಲ್ಲಿಗೇ ಮೊದಲು ಬರುತ್ತದೆ. ಮೈಕು ಹಿಡಿಯುವುದನ್ನು ಕಲಿಸಿದವನು ನಾನು: ಬಾಯಿಂದ ಒಂದು ಗೇಣು ದೂರ, ಕೂಗಬಾರದು, ಉಸಿರು ಬಿಡುವಾಗ ಮುಖ ತಿರುಗಿಸಬೇಕು. ಯಾದಗಿರಿ ಜಿಲ್ಲೆಯಾದ ಮೇಲೆ ಆಸ್ಪತ್ರೆ, ಕಾಲೇಜು, ಬೀಜದ ಕಂಪನಿಗಳ ಸಂಪರ್ಕ ವಿಭಾಗಕ್ಕೆ ಹೊಸ ಹುಡುಗಿಯರು ಬಂದಿದ್ದಾರೆ. ಅವರ ಕೈಯಲ್ಲಿ ಫೋನಿದೆ, ಒಂದೇ ಸಲಕ್ಕೆ ಸಾವಿರ ಜನಕ್ಕೆ ಸುದ್ದಿ ಕಳಿಸುತ್ತಾರೆ. "ಮೆಸೇಜ್ ಹಾಕೀವಿ, ಯಾರೂ ಬಂದಿಲ್ರಿ," ಎಂದು ಪೇಚಾಡಿಕೊಂಡು ಬಂದಾಗ, ನಿವೃತ್ತರಾದ ಕಸ್ತೂರಿಬಾಯಿ ನನ್ನ ಕಡೆ ನೋಡಿ ನಗುತ್ತಾರೆ. "ಅಣ್ಣಾರ, ನಿಮ್ಮ ಜೀಪಿನ ಕಥಿ ಹೇಳ್ರಿ ಇವ್ರಿಗಿ."

ಹೋದ ವರ್ಷ ಅಣ್ಣನ ಮಗನ ಮದುವೆಗೆ ಮಂಡ್ಯದಿಂದ ಲಗ್ನಪತ್ರಿಕೆ ಅಂಚೆಯಲ್ಲಿ ಬಂತು. ಮೇಲೆ ನನ್ನ ಪೂರ್ತಿ ಹೆಸರು, ಪುಟ್ಟಸ್ವಾಮಿ, ರಂಗಂಪೇಟೆ ಎಂದು. ದೂರದವರಿಗೆ ಹಾಗೆಯೇ ಕಳಿಸುವುದು, ತಪ್ಪೇನಿಲ್ಲ. ಹೋದೆ. ಮಾತಾಡಿಸಿದರೆ, "ಏನೋ, ಅವರ ಥರಾನೇ ಬೈದಂಗೆ ಮಾತಾಡ್ತೀಯಲ್ಲೋ!" ಎಂದು ಅಣ್ಣ ನಕ್ಕ. ಹಿಂದಿರುಗಿ ಬಂದ ವಾರವೇ ಸಾಬವ್ವನ ಮೊಮ್ಮಗಳು ದೇವಾಪುರದಿಂದ ಬಸ್ಸು ಹತ್ತಿ ಬಂದು ನನ್ನ ಹೊಸ್ತಿಲ ಮೇಲೆ ನಿಂತು, "ಮೈಸೂರ್ ಮಾಮಾ, ನಮ್ಮ ಮನ್ಯಾಗ ತೊಟ್ಟಲಾ ಅದ, ಬರ್ರಿ," ಎಂದು ಕೂಸಿನ ನಾಮಕರಣಕ್ಕೆ ಕರೆದು ಹೋದಳು. ಇಷ್ಟು ವರ್ಷವಾದರೂ ಇಲ್ಲಿ ನಾನು ಮೈಸೂರಿನವನೇ.

ಈಗ ನನ್ನಲ್ಲಿರುವುದು ಇಷ್ಟು: ಕಚೇರಿಯ ಹರಾಜಿನಲ್ಲಿ ಕೊಂಡ ಒಂದು ಜೀಪು, ಎರಡು ಆಂಪ್ಲಿಫೈಯರ್, ನಾಲ್ಕು ಹಾರ್ನು. ರಂಗಂಪೇಟೆಯಲ್ಲಿ ಸ್ವಂತದ ಎರಡು ಕೋಣೆ. ಮಂಡ್ಯದಲ್ಲಿ ಅಣ್ಣ ಉಳುವ ಅರ್ಧ ಎಕರೆ ಪಾಲು. ಅಂಚೆಯಲ್ಲಿ ಕರೆಯುವ ಊರು ಒಂದು, ಹೊಸ್ತಿಲಿಗೆ ಬಂದು ಕರೆಯುವ ಊರು ನಾಲ್ಕು.