ಏಳು ಎಂದರೂ ಏಳದ ಏಳು

ಬಸವೇಶ್ವರನಗರದ ಆ ಎರಡಂತಸ್ತಿನ ಮನೆಯಲ್ಲಿ ಕೆಳಗೆ ಹಿರಿಸೊಸೆ ಅಲಮೇಲು, ಮೇಲೆ ಕಿರಿಸೊಸೆ ಸಿಂಚನಾ. ವಯಸ್ಸಿನಲ್ಲಿ ಮೇಲಿದ್ದವಳು ಕೆಳಗೆ, ಕೆಳಗಿದ್ದವಳು ಮೇಲೆ. ಹೀಗೆ ಹಂಚಿಕೊಟ್ಟ ಮಾವ ತೀರಿಕೊಂಡು ಹತ್ತು ವರ್ಷವಾದರೂ ಅಲಮೇಲು ಅವರನ್ನು ಪೂರ್ತಿ ಕ್ಷಮಿಸಿಲ್ಲ.

ಅಲಮೇಲು ರಾಜಾಜಿನಗರದ ಹೈಸ್ಕೂಲೊಂದರಲ್ಲಿ ಗಣಿತದ ಟೀಚರ್. ವಯಸ್ಸು ನಲವತ್ತಾರು. ಲಾಕ್‌ಡೌನಿನಲ್ಲಿ ಫೋನಿನ ಕಾರ್ ರೇಸ್ ಆಟ ಹಿಡಿದವಳು ಇನ್ನೂ ಬಿಟ್ಟಿಲ್ಲ. ರಸ್ತೆಯಲ್ಲಿ ಸ್ಕೂಟಿಯನ್ನು ಮೂವತ್ತು ದಾಟಿಸದ ಹೆಂಗಸು ಫೋನಿನಲ್ಲಿ ಮುನ್ನೂರು ಮುಟ್ಟುತ್ತಾಳೆ. ಮನೆಯಲ್ಲಿ ಈ ಹುಚ್ಚು ತನಗೊಬ್ಬಳಿಗೇ ಎಂಬ ಹೆಮ್ಮೆಯೂ ಇತ್ತು.

ಹೋದ ಯುಗಾದಿಗೆ ಮೈದುನ ತನ್ನ ಹೆಂಡತಿ ಸಿಂಚನಾಗೆ ರೆಡಿಮೇಡ್ ಗೇಮಿಂಗ್ ಕಂಪ್ಯೂಟರ್ ತಂದುಕೊಟ್ಟ. ಗಾಜಿನ ಡಬ್ಬ, ಒಳಗೆ ಬಣ್ಣಬಣ್ಣದ ದೀಪ, ಜೊತೆಗೆ ರೇಸ್ ಕಾರಿನ ಸೀಟಿನಂಥ ಕುರ್ಚಿ.

"ಅಕ್ಕ, ಇದರ ಪ್ರೊಸೆಸರ್ರು ಐ-ಫೈವ್ ಅಂತೆ," ಎಂದಳು ಸಿಂಚನಾ. "ಅಂದ್ರೆ ಐದು."

"ಗೊತ್ತು ಕಣೇ. ನಾನು ಮ್ಯಾತ್ಸ್ ಟೀಚರ್ರು."

"ಅಯ್ಯೋ, ಹಾಗಲ್ಲಕ್ಕ. ಪಾಪ, ಅಷ್ಟು ಪುಟ್ಟ ಫೋನಲ್ಲಿ ಕಣ್ಣು ಕಿರಿದು ಮಾಡ್ಕೊಂಡು ಆಡ್ತೀರ. ನಾನು ಆಫೀಸಿಗೆ ಹೋದಾಗ ಬಂದು ಆಡಿ."

ಆ 'ಪಾಪ' ನೇರವಾಗಿ ಹೊಟ್ಟೆಗೆ ಬಿತ್ತು. ನಮ್ಮ ಹಿರಿಯರು ಅದಕ್ಕೆ ಸುಮ್ಮಸುಮ್ಮನೆ ಕಿಚ್ಚು ಎಂದು ಹೆಸರಿಡಲಿಲ್ಲ. ಎರಡು ಲೋಟ ಮಜ್ಜಿಗೆ ಕುಡಿದರೂ ಆರಲಿಲ್ಲ.

ಆ ಮನೆಯಲ್ಲೊಂದು ಪದ್ಧತಿಯಿದೆ. ಮದುವೆ ಮನೆಯಲ್ಲಿ ಕಿರಿಸೊಸೆ ಮುಯ್ಯಿಗೆ ನೂರೊಂದು ಇಟ್ಟರೆ ಹಿರಿಸೊಸೆ ಇನ್ನೂರೊಂದು ಇಡಬೇಕು. ಸೀರೆಯ ಜರಿಯೂ ಒಂದು ಬೆರಳು ಹೆಚ್ಚು ಅಗಲವಿರಬೇಕು. ಅಂದಮೇಲೆ ಕಂಪ್ಯೂಟರ್? ಬಿಡಿಭಾಗ ತಂದು ತಾನೇ ಜೋಡಿಸುವುದು, ಐದಕ್ಕಿಂತ ಮೇಲಿನದನ್ನೇ ಜೋಡಿಸುವುದು ಎಂದು ಅಲಮೇಲು ನಿಶ್ಚಯಿಸಿದಳು. ಟ್ಯೂಷನ್ನಿನ ಐವತ್ತು ಸಾವಿರ ಹಿಡಿದು ವಿಜಯನಗರದಲ್ಲಿ ಕಂಪ್ಯೂಟರ್ ಸಾಮಾನು ಮಾರುವ ನಾಗೇಂದ್ರನ ಅಂಗಡಿಗೆ ಹೋಗಿ, ಸಿಂಚನಾಳ ಕಂಪ್ಯೂಟರಿನ ವಿವರದ ಚೀಟಿ ತೋರಿಸಿ ಇದಕ್ಕಿಂತ ಮೇಲಿನದು ಬೇಕೆಂದಳು.

"ಪ್ರೊಸೆಸರ್ರು, ಮದರ್‌ಬೋರ್ಡು, ಎರಡರದೂ ಸಾಕೆಟ್ ಒಂದೇ ಆಗಿರ್ಬೇಕು ಮೇಡಂ. ಇಲ್ಲಾಂದ್ರೆ ಕೂಡಲ್ಲ."

"ಸಗೋತ್ರ ಅನ್ನಿ."

"ಹ್ಞೂಂ, ಇಲ್ಲಿ ಸಗೋತ್ರ ಆದ್ರೇನೇ ಮದುವೆ," ಎಂದು ನಕ್ಕ ನಾಗೇಂದ್ರ. "ನಿಮ್ಮ ಬಜೆಟ್ಟಿಗೆ ಹೊಸ ಜನರೇಶನ್ನಿನ ಐ-ತ್ರೀ ತಗೊಳ್ಳಿ."

"ಮೂರಾ?"

"ಆಟಕ್ಕೆ ಅದು ಕುದುರೆ ಮೇಡಂ. ಉಳಿದ ದುಡ್ಡಲ್ಲಿ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೆ ನಿಮ್ಮನೆ ಮೇಲಿನ ಐದಕ್ಕೂ ಸೆಡ್ಡು ಹೊಡೆಯುತ್ತೆ."

ಅಲಮೇಲು ಯೋಚಿಸಿದಳು. ಗೆಲ್ಲುವುದೇನೋ ಪರದೆಯ ಮೇಲೆ. ಆದರೆ "ನಂದು ಮೂರು" ಎಂದು ಹೇಳಬೇಕಾದದ್ದು ಮೆಟ್ಟಿಲ ಮೇಲೆ, ಸಿಂಚನಾಳ ಎದುರಿಗೆ.

"ಏಳು ಇಲ್ವಾ?"

"ಇದೆ, ಸೆಕೆಂಡ್ ಹ್ಯಾಂಡು. ಅದು ನಾಲ್ಕನೇ ಜನರೇಶನ್ನು. ಅವರದು ಹನ್ನೆರಡನೇದು. ಎಂಟು ತಲೆಮಾರು ಹಿಂದಿನದು."

"ಹಿರೀದು ಅಂತಾಯ್ತಲ್ಲ. ನಾನೂ ಹಿರೀ ಸೊಸೆ."

"ತುಂಬಾ ಬಿಸಿ ಆಗುತ್ತೆ. ದೊಡ್ಡ ಕೂಲರ್ ಬೇಕು."

"ನಂಗೂ ಒಂದು ಕೊಡಿ."

ತಲೆಮಾರು ನೋಡದೆ ತಲೆ ಮಾರಿಕೊಂಡಿದ್ದಾಯಿತು. ಸಿಂಚನಾಳದಕ್ಕಿಂತ ನಾಲ್ಕು ದೀಪ ಹೆಚ್ಚಿರುವ ಗಾಜಿನ ಡಬ್ಬವೂ ಬಂತು. ಗ್ರಾಫಿಕ್ಸ್ ಕಾರ್ಡಿಗೆ ಉಳಿದದ್ದು ಚಿಲ್ಲರೆ.

ಭಾನುವಾರ ಊಟದ ಮೇಜಿನ ಮೇಲೆ ಜೋಡಣೆ. ಗಂಡ ಲಕ್ಷ್ಮೀಪತಿ ಟಾರ್ಚ್ ಹಿಡಿದು ನಿಂತ.

"ಏಳುತ್ತೇನೇ ಇದು?"

"ಏಳೇ ರೀ ಇದು. ಐದಲ್ಲ."

"ಅದಲ್ಲ ಕಣೇ, ಎದ್ದೇಳುತ್ತಾ ಅಂದೆ."

ಎದ್ದಿತು, ಆಕಳಿಸುತ್ತಾ. ರೇಸ್ ಹಾಕಿದರೆ ಬೇರೆಯವರ ಕಾರುಗಳು ತಿರುವು ದಾಟಿದರೂ ಅಲಮೇಲುವಿನದು ಗೆರೆ ಬಿಟ್ಟು ಕದಲಲಿಲ್ಲ. "ಲೈಟೆಲ್ಲ ಓಡ್ತಿದೆ, ಕಾರು ಮಾತ್ರ ನಿಂತಿದೆ," ಎಂದ ಲಕ್ಷ್ಮೀಪತಿ. ಅಷ್ಟರಲ್ಲಿ ಮೆಟ್ಟಿಲಿಳಿಯುವ ಸದ್ದಾಯಿತು. ಅಲಮೇಲು ಸರಕ್ಕನೆ ಆಟ ಮುಚ್ಚಿದಳು.

"ಎಷ್ಟು ಅಕ್ಕ ಇದು?"

"ಏಳು."

"ಏಳಾ!" ಸಿಂಚನಾಳ ಮುಖ ತಣ್ಣಗಾದ ಪೂರಿಯಂತೆ ಇಳಿಯಿತು. ಐವತ್ತು ಸಾವಿರ ಅಲ್ಲಿಗೇ ವಸೂಲಾಯಿತು.

ವಾರದ ನಂತರ ಸಿಂಚನಾ ಮತ್ತೆ ಬಂದಳು. "ಅಕ್ಕ, ಬದಲಾಯಿಸ್ಕೊಳ್ಳೋಣ್ವಾ? ನನ್ನ ಐದು ನೀವಿಟ್ಕೊಳ್ಳಿ, ನಿಮ್ಮ ಏಳು ನಂಗೆ ಕೊಡಿ. ಬೇಕಾದ್ರೆ ಕುರ್ಚೀನೂ ಕೊಡ್ತೀನಿ."

ಅವಳ ಬೆನ್ನ ಹಿಂದೆ ಲಕ್ಷ್ಮೀಪತಿ ಹುಬ್ಬು, ಕಣ್ಣು, ಕತ್ತು ಎಲ್ಲದರಲ್ಲೂ 'ಒಪ್ಕೋ' ಎಂದ. ಅಲಮೇಲುವಿನ ಕಣ್ಣ ಮುಂದೆ ಮುನ್ನೂರರಲ್ಲಿ ಹಾರುವ ಕಾರು ಬಂತು. ಅದರ ಹಿಂದೆಯೇ, ಮುಂದಿನ ಹಬ್ಬಕ್ಕೆ ಬಂದ ನಾದಿನಿಯರ ಮುಂದೆ ನಿಂತ ಸಿಂಚನಾಳೂ ಬಂದಳು: "ನಂದು ಏಳು, ಅಕ್ಕಂದು ಐದು."

"ಆಗಲ್ಲ ಕಣೇ," ಎಂದಳು ಅಲಮೇಲು. "ನಾನೇ ಕೈಯಾರೆ ಜೋಡಿಸಿದ್ದು."

ಸಿಂಚನಾ ಧಡಧಡ ಮೆಟ್ಟಿಲು ಹತ್ತಿದಳು. ಲಕ್ಷ್ಮೀಪತಿ ಹಣೆ ಚಚ್ಚಿಕೊಂಡ. ಅಲಮೇಲು ಬಾಗಿಲು ಹಾಕಿ ರೇಸ್ ಶುರು ಮಾಡಿದಳು. ಕಾರು ಹೊರಡುವುದರೊಳಗೆ ಅರ್ಧ ಕೇಜಿ ಹುರುಳಿಕಾಯಿ ಸೋಸಿ ಮುಗಿಸಿದಳು.