ಮಾವನ ಹೆಪ್ಪುನೀರು

ನಮ್ಮ ಮಾವನ, ಅಂದರೆ ನನ್ನ ಗಂಡನ ಅಪ್ಪನ, ವಿಷಯ ಹೇಳಬೇಕೆಂದರೆ ಮೊದಲು ಮೂಗು ಮುಚ್ಚಿಕೊಳ್ಳಬೇಕು. ಸಾಸ್ ಕಾರ್ಖಾನೆಯ ಚರಂಡಿಯಲ್ಲಿ ಮೂವತ್ತು ವರ್ಷ ಟೊಮೇಟೊ ಸಿಪ್ಪೆ ಬಳಿದವರು. ಬಳಿದೂ ಬಳಿದೂ ಅವರ ಮೂಗು ಸತ್ತುಹೋಗಿತ್ತು. ನಮ್ಮದು ಬದುಕಿತ್ತಲ್ಲ, ಅದೇ ಕರ್ಮ.

ಕೆಲಸ ಬಿಟ್ಟ ಮೇಲೆ ಅದೇ ಸಿಪ್ಪೆ, ಬೀಜವನ್ನು ಗಾಡಿಯಲ್ಲಿ ಹಿತ್ತಿಲಿಗೆ ತರತೊಡಗಿದರು. ತೌಡು, ಹೊಟ್ಟು ಬೆರೆಸಿ, ನೀಲಿ ಡ್ರಮ್ಮಿಗೆ ತುಂಬಿ, ಗಾಳಿ ಸುಳಿಯದಂತೆ ತುಳಿದು ಮುಚ್ಚುವುದು. ಮೂರು ವಾರಕ್ಕೆ ಹುಳಿ ಬಂದರೆ ದನದ ಮೇವು. ತೆಗೆದ ದಿನ ಒಂದು ಚಿಟಿಕೆ ತಾವೇ ಬಾಯಿಗೆ ಹಾಕಿ ಚಪ್ಪರಿಸುತ್ತಿದ್ದರು. ನಾನು ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಿದ್ದೆ. ಎಲ್ಲಕ್ಕಿಂತ ಅಸಹ್ಯ, ಹಳೆಯ ಡ್ರಮ್ಮಿನ ತಳದಿಂದ ಬಸಿದ ಕಂದು ನೀರು. ಹೊಸ ಸಿಪ್ಪೆಗೆ ಅದೇ ಹೆಪ್ಪು. ಅದನ್ನೊಂದು ಕ್ಯಾನಿನಲ್ಲಿ ನನ್ನ ಅಡುಗೆಮನೆಯ ಬಾಗಿಲ ಹಿಂದೆ ಬೆಚ್ಚಗೆ ಇಡುತ್ತಿದ್ದರು.

ಪಕ್ಕದ ಬೀದಿಯ ಹಾಲಿನಮ್ಮನಿಗೆ ಏಳು ಹಸು. ಈ ಸಲದ ಮೇವು ಒಗ್ಗಿದರೆ ವರ್ಷವಿಡೀ ಮಾವನ ಹತ್ತಿರವೇ ಕೊಳ್ಳುವುದಾಗಿ ಮಾತು ಕೊಟ್ಟಿದ್ದಳು. ಇಲ್ಲವಾದರೆ ಮಾವ ಮತ್ತೆ ಆ ಚರಂಡಿಗೇ ದಿನಗೂಲಿಗೆ ಇಳಿಯಬೇಕು. ಇದು ನನಗೂ ಗೊತ್ತಿತ್ತು.

ಆ ವಾರವೇ ನನ್ನ ಅಕ್ಕ ಬರುವವಳಿದ್ದಳು. ಬಾಗಿಲಲ್ಲೇ ಮುಖ ಸಿಂಡರಿಸಿಯಾಳೆಂದು, ಮಾವ ಹೊರಗೆ ಹೋದದ್ದೇ ಆ ನೀರನ್ನು ಮೋರಿಗೆ ಚೆಲ್ಲಿದೆ. ಕ್ಯಾನು, ಖಾಲಿ ಡ್ರಮ್ಮು ಎಲ್ಲಕ್ಕೂ ಫಿನೈಲ್ ಹಾಕಿ ಗಸಗಸ ಉಜ್ಜಿದೆ. ಕ್ಯಾನಿಗೆ ನಲ್ಲಿನೀರು ತುಂಬಿ, ಬಣ್ಣಕ್ಕೆ ಒಂದಿಷ್ಟು ಟೀ ಡಿಕಾಕ್ಷನ್ ಸುರಿದೆ. ಮಾವನಿಗೆ ಸುಳಿವೇ ಹತ್ತಲಿಲ್ಲ. ಮರುದಿನ ಅದನ್ನೇ ಚಿಮುಕಿಸಿ ಡ್ರಮ್ಮು ತುಂಬಿದರು.

ಮೂರು ವಾರದ ಮೇಲೆ ಹಾಲಿನಮ್ಮನ ಎದುರಿಗೇ ಮುಚ್ಚಳ ತೆಗೆದರು. ಕಪ್ಪು ಲೋಳೆ, ಮೇಲೆ ಬೂಸಲು, ಸತ್ತ ಇಲಿಯ ನಾತ. ನಾನು ಮೂಗಿಗೆ ಸೆರಗು ಒತ್ತಿಕೊಂಡೆ. ಕಣ್ಣಾರೆ ಕಂಡರೂ ನಂಬದೆ ಮಾವ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ತಡೆಯಬಹುದಿತ್ತು, ತಡೆಯಲಿಲ್ಲ. ಅವರು ಉಗುಳಿ, ಬಾಯಿ ಒರೆಸಿಕೊಂಡು, ಆಕೆಗೆ ಹೇಳಿದರು: "ನನ್ನ ಕೈ ಕೆಟ್ಟೋಗಿದೆ ಕಣಮ್ಮ. ನಿನ್ನ ಹಸುಗಳಿಗೆ ಇದು ಬೇಡ."

ಆಕೆ ಖಾಲಿ ಬುಟ್ಟಿ ಎತ್ತಿಕೊಂಡು ಹೋದಳು. ಮಾರನೆಯ ದಿನದಿಂದ ಮಾವ ಚರಂಡಿಗೆ ಹೋಗತೊಡಗಿದರು.

ಅಲ್ಲಿಯವರೆಗೆ ಮನೆಯ ಹಾಲಿಗೆ ಹೆಪ್ಪು ಹಾಕುತ್ತಿದ್ದವರು ಅವರೇ. ಆ ಸಂಜೆ ಪಾತ್ರೆಯನ್ನು ನನ್ನ ಕಡೆ ಸರಿಸಿದರು. "ಇನ್ಮೇಲೆ ನೀನೇ ಹಾಕಮ್ಮ. ನಿನ್ನ ಕೈ ಶುದ್ಧ."

ದಿನಾ ಹಾಕುತ್ತೇನೆ. ನಡೆದದ್ದನ್ನು ಇನ್ನೂ ಬಾಯಿಬಿಟ್ಟಿಲ್ಲ. ಮಾವ ಗಟ್ಟಿ ಮೊಸರು ಕಲಸಿಕೊಂಡು, ಚೆನ್ನಾಗಿದೆ ಎನ್ನುತ್ತಾರೆ. ನನಗೆ ಒಂದು ತುತ್ತೂ ಇಳಿಯುವುದಿಲ್ಲ. ನನ್ನ ಮೇಲೆ ನನಗೇ ಅಷ್ಟು ಹೇಸಿಗೆ.